ಹೊಳೆದಂಡೆಯಲ್ಲಿ ಸಿಕ್ಕ ಬಿಳಿ ಗುಂಡುಕಲ್ಲು ಯಾವುದು?

ತುಂಗಭದ್ರೆಯ ದಂಡೆಯಲ್ಲಿ ಬಿಳಿ ಗುಂಡುಕಲ್ಲು ಸಿಕ್ಕಿವೆ, ಒಂದೆರಡರಲ್ಲಿ ಹಳದಿ ಗೆರೆ ಇದೆ, ಇವು ಬೆಲೆಬಾಳುವ ಹರಳಾ ಅಂತ ಕೇಳಿದ್ದೀರಿ. ನೀವು ಹೇಳಿದ ಗುರುತು ನೋಡಿದರೆ ಇದು ಬೆಣಚುಕಲ್ಲೇ ಇರಬೇಕು. ಕ್ವಾರ್ಟ್ಜ್ ಅನ್ನುವುದು ಇದನ್ನೇ. ಮಾರಿದರೆ ದುಡ್ಡು ಬರುವುದಿಲ್ಲ, ಆದರೆ ದಯವಿಟ್ಟು ಎಸೆಯಬೇಡಿ.

ಒಂದು ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆಯಿರಿ. ಕಣ್ಣು ಜೋಪಾನ. ಒಡೆದ ಮುಖ ದಪ್ಪ ಬಾಟಲಿಯ ತಳ ಒಡೆದ ಹಾಗೆ ಬಾಗಿ, ಎಣ್ಣೆ ಸವರಿದಂತೆ ಹೊಳೆದರೆ ಬೆಣಚು. ಚಪ್ಪಟೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಸೀಳಿದ್ದರೆ ಅದು ಫೆಲ್ಡ್‌ಸ್ಪಾರ್ ಅನ್ನುವ ಇನ್ನೊಂದು ಖನಿಜ. ಒಡೆದ ಚೂರಿನಿಂದಲೇ ಹಳೇ ಗಾಜಿನ ಬಾಟಲಿಯ ಮೇಲೆ ಗೀರಿ. ಖನಿಜಗಳ ಗಟ್ಟಿತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಗಾಜಿನದು ಸುಮಾರು 5.5, ಬೆಣಚಿನದು 7. ಹಾಗಾಗಿ ಗೀರು ಬಿದ್ದೇ ಬೀಳುತ್ತದೆ. ಸುಣ್ಣದ ಕಲ್ಲಾದರೆ ಗಾಜಿಗೆ ಏನೂ ಆಗದು, ನಿಂಬೆರಸ ಬಿಟ್ಟರೆ ನೊರೆ ಬರುತ್ತದೆ.

ಹಳದಿ ಗೆರೆ ಸಾಮಾನ್ಯವಾಗಿ ಕಬ್ಬಿಣದ ತುಕ್ಕು. ಕೋಲಾರದಲ್ಲಿ, ಹಟ್ಟಿಯಲ್ಲಿ ಚಿನ್ನ ಸಿಕ್ಕಿದ್ದು ಬೆಣಚಿನ ಪಟ್ಟೆಗಳಲ್ಲೇ, ನಿಜ. ಅದಕ್ಕೇ ಜನರಿಗೆ ಈ ಆಸೆ. ಸೂಜಿಯಿಂದ ಚುಚ್ಚಿ ನೋಡಿ. ಚಿನ್ನವಾದರೆ ಮೆತ್ತಗೆ ಕುಳಿ ಬೀಳುತ್ತದೆ, ತುಕ್ಕು ಪುಡಿಯಾಗುತ್ತದೆ.

ಹೊಳೆಯಲ್ಲಿ ಇದೇ ಯಾಕೆ ಇಷ್ಟು ಜಾಸ್ತಿ ಅಂತ ನಾನೂ ಬಹಳ ದಿನ ಯೋಚಿಸಿದ್ದೆ. ನೆಲದಾಳದಲ್ಲಿ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಹರಿದು, ತನ್ನಲ್ಲಿ ಕರಗಿದ್ದ ಸಿಲಿಕಾವನ್ನು, ಅಂದರೆ ಬೆಣಚು ಆಗಿರುವ ವಸ್ತುವನ್ನೇ, ಅಲ್ಲೇ ಬಿಟ್ಟುಹೋದಾಗ ಬೆಣಚಿನ ಪಟ್ಟೆ ಹುಟ್ಟುತ್ತದೆ. ಆ ನೀರಿನ ಸಣ್ಣ ಸಣ್ಣ ಗುಳ್ಳೆಗಳು ಒಳಗೇ ಸಿಕ್ಕಿಕೊಂಡಿರುವುದರಿಂದಲೇ ಕಲ್ಲಿಗೆ ಈ ಹಾಲುಬಣ್ಣ. ಆಮೇಲೆ ಗುಡ್ಡ ಸವೆಯುತ್ತದೆ. ಫೆಲ್ಡ್‌ಸ್ಪಾರ್ ಕೊಳೆತು ಜೇಡಿಮಣ್ಣಾಗುತ್ತದೆ. ಬೆಣಚು ಕೊಳೆಯುವುದಿಲ್ಲ. ಉರುಳಿ, ಒಂದಕ್ಕೊಂದು ಬಡಿದು, ದುಂಡಗಾಗಿ ನಿಮ್ಮ ಕೈಗೆ ಬರುತ್ತದೆ. ಇನ್ನೂ ಸವೆದರೆ ಮರಳು. ನಿಮ್ಮ ಅಂಗೈಯಲ್ಲಿರುವುದು ಕರಗಿಹೋದ ಒಂದು ಗುಡ್ಡದಲ್ಲಿ ಉಳಿದ ಚೂರು. ನನಗೆ ಹರಳಿಗಿಂತ ಇದೇ ದೊಡ್ಡದು.

ಒಂದು ಕೆಲಸ ಮಾತ್ರ ತಪ್ಪದೆ ಮಾಡಿ. ರಾತ್ರಿ ದೀಪ ಆರಿಸಿ, ಕತ್ತಲಿಗೆ ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ನೆ ಕೂತಿರಿ. ಎರಡು ಕಲ್ಲನ್ನು ಒತ್ತಿ ಉಜ್ಜಿ. ಚಿಕ್ಕಂದಿನಲ್ಲಿ ನಾವು ಕಂಬಳಿಯೊಳಗೆ ಕೂತು ಇದನ್ನೇ ಮಾಡುತ್ತಿದ್ದೆವು. ಕಿಡಿ ಹಾರುವುದಲ್ಲ, ಕಲ್ಲಿನ ಒಳಗೇ ಮಂದ ಬೆಳಕು ಮಿನುಗುತ್ತದೆ. ಉಜ್ಜಿದ ಜಾಗವನ್ನು ಆಗಲೇ ಮೂಸಿ ನೋಡಿ, ಸುಟ್ಟ ವಾಸನೆ ಇರುತ್ತದೆ.