ಈ ಸಲ ದೀಪ ಹಚ್ಚಬಹುದೇ?

ನ್ಯೂಜೆರ್ಸಿಯಿಂದ ಪತ್ರ ಬರೆದ ಸೋದರಿಗೆ, ನಮಸ್ಕಾರ.

ನಿಮ್ಮ ಕಚೇರಿಯ ಹಿರಿಯ ಯಹೂದಿ ಸಹೋದ್ಯೋಗಿಯೊಬ್ಬರು ಪ್ರತಿ ಡಿಸೆಂಬರಿನಲ್ಲೂ ಊಟದ ಕೋಣೆಯಲ್ಲಿ ಹನುಕ್ಕಾ ಹಬ್ಬದ ದೀಪ ಹಚ್ಚಿ ಎಲ್ಲರಿಗೂ ಸಿಹಿ ಹಂಚುತ್ತಿದ್ದರು, ಇಸ್ರೇಲಿನಲ್ಲಿದ್ದ ಅವರ ಬಂಧುವೊಬ್ಬರು 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಹತರಾದ ಮೇಲೆ ಅವರು ಹಬ್ಬದ ಮಾತನ್ನೇ ಎತ್ತಿಲ್ಲ, ಸೂತಕದಲ್ಲಿರುವವರ ಬಳಿ ಹಬ್ಬದ ಪ್ರಸ್ತಾಪ ಮಾಡುವುದು ಸರಿಯೇ ಎಂದು ಕೇಳಿದ್ದೀರಿ.

ಈ ಹಿಂಜರಿಕೆ ನಮ್ಮ ಮನೆಗಳ ಸಂಸ್ಕಾರದಿಂದ ಬಂದದ್ದು. ಸಾವಾದ ಮನೆಯಲ್ಲಿ ಆ ವರ್ಷ ಯುಗಾದಿಗೆ ತೋರಣ ಕಟ್ಟುವುದಿಲ್ಲ, ದೀಪಾವಳಿಗೆ ಬಾಣಲೆ ಇಡುವುದಿಲ್ಲ. ನಾನೂ ಅದನ್ನೇ ನೋಡಿ ಬೆಳೆದವನು. ಯಹೂದಿಗಳ ಪದ್ಧತಿ ಬೇರೆ. ಸಾವಿನ ಅನಂತರ ಏಳು ದಿನ ಮನೆಯಲ್ಲೇ ಕುಳಿತು ಶೋಕ ಆಚರಿಸುವ ಅವಧಿಯಲ್ಲೂ ಹನುಕ್ಕಾ ದೀಪ ಹಚ್ಚುವ ಕರ್ತವ್ಯ ತಪ್ಪುವುದಿಲ್ಲ. ಈ ದೀಪವನ್ನು ಬಾಗಿಲ ಹೊರಗೆ, ಬೀದಿಗೆ ಕಾಣುವಂತೆ ಇಡಬೇಕೆಂದು ವಿಧಿಸುವ ತಾಲ್ಮುದ್ ಎಂಬ ಯಹೂದಿ ಧರ್ಮಗ್ರಂಥ, ಅಪಾಯದ ಕಾಲದಲ್ಲಿ ಒಳಗೆ ಮೇಜಿನ ಮೇಲಿಟ್ಟರೂ ಸಾಕು ಎನ್ನುತ್ತದೆಯೇ ಹೊರತು ಹಚ್ಚಬೇಡಿ ಎನ್ನುವುದಿಲ್ಲ. ಗ್ರೀಕ್ ದೊರೆ ಆಂಟಿಯೋಕಸ್‌ನ ಆಳ್ವಿಕೆಯಲ್ಲಿ ಅಪವಿತ್ರಗೊಂಡಿದ್ದ ಜೆರುಸಲೇಮಿನ ದೇವಾಲಯವನ್ನು ಯಹೂದಿಗಳು ಕ್ರಿಸ್ತಪೂರ್ವ 164ರ ಸುಮಾರಿಗೆ ಮರಳಿ ಪಡೆದು ಶುದ್ಧಗೊಳಿಸಿದ ನೆನಪಿನ ಹಬ್ಬ ಇದು. ಕಷ್ಟಕಾಲ ಇದಕ್ಕೆ ಹೊಸದಲ್ಲ.

ಆದ್ದರಿಂದ ಅವರು ಒಬ್ಬರೇ ಇರುವಾಗ, ಈ ಸಲ ಹೇಗೆ ಮಾಡೋಣವೆಂದು ಅವರನ್ನೇ ಕೇಳಿ. ಬೇಡವೆಂದರೆ ಅಲ್ಲಿಗೆ ಬಿಡಿ. ಒಪ್ಪಿದರೆ, ಹಬ್ಬ ಆರಂಭವಾಗುವ 2023ರ ಡಿಸೆಂಬರ್ 7, ಗುರುವಾರದ ಸಂಜೆಯೇ ಅನುಕೂಲ: ನಿಮ್ಮಲ್ಲಿ ಆಗ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ಮೊದಲ ಸಂಜೆ ಹಬ್ಬದ ಮೇಣದಬತ್ತಿ ಒಂದೇ. ಅದನ್ನು ಹೊತ್ತಿಸಲು ಶಮಾಶ್ ಎಂಬ ಇನ್ನೊಂದು ಬತ್ತಿ ಜೊತೆಗಿರುತ್ತದೆ. ಅರ್ಧ ಗಂಟೆಯಾದರೂ ಉರಿಯಬೇಕಾದ ಆ ಬೆಳಕನ್ನು ಯಾವ ಕೆಲಸಕ್ಕೂ ಬಳಸುವಂತಿಲ್ಲ, ಸುಮ್ಮನೆ ನೋಡುತ್ತ ಕೂರಬೇಕು. ಏನು ಹೇಳಬೇಕೆಂದು ತೋಚದ ನಿಮ್ಮಂಥ ಗೆಳತಿಯರಿಗೆ ಆ ಅರ್ಧ ಗಂಟೆ ದೊಡ್ಡ ಉಪಕಾರ. ಇದು ನಿಮ್ಮ ದೀಪಾವಳಿ ಎಂದು ಮಾತ್ರ ದಯವಿಟ್ಟು ಹೇಳಬೇಡಿ. ಅವರು ಕೋಷರ್ ಎಂಬ ಯಹೂದಿ ಆಹಾರ ನಿಯಮ ಪಾಲಿಸುವವರಾದರೆ ನಿಮ್ಮ ಮನೆಯಲ್ಲಿ ಕರಿದದ್ದನ್ನು ತಿನ್ನಲಾರರು. ಈ ಹಬ್ಬಕ್ಕೆ ರೂಢಿಯಾದ, ಜಾಮ್ ತುಂಬಿದ ಡೋನಟ್ಟನ್ನು ಅವರು ಹೇಳಿದ ಅಂಗಡಿಯಿಂದಲೇ ತನ್ನಿ.

ಗಾಜಾದಲ್ಲಿ ಬಂಧುಗಳಿರುವ ಸಹೋದ್ಯೋಗಿಯ ಬಗ್ಗೆಯೂ ಬರೆದಿದ್ದೀರಿ. ಅವರನ್ನು ಬರಲೇಬೇಕೆಂದು ಒತ್ತಾಯಿಸಬೇಡಿ, ಬಾರದಿದ್ದರೆ ಅಪಾರ್ಥ ಮಾಡಿಕೊಳ್ಳಬೇಡಿ. ಮನೆಯವರು ಹೇಗಿದ್ದಾರೆಂದು ಬೇರೆಯಾಗಿ ಹೋಗಿ ವಿಚಾರಿಸಿ. ಅವರ ದುಃಖವನ್ನು ಇವರ ದುಃಖದೊಡನೆ ತೂಗುವುದು ಬೇಡ.

ನಮ್ಮನ್ನು ಬದುಕಿಸಿ, ಪೋಷಿಸಿ, ಈ ಹೊತ್ತಿಗೆ ತಲುಪಿಸಿದ್ದಕ್ಕಾಗಿ ದೇವರನ್ನು ಸ್ತುತಿಸುವ ಪ್ರಾರ್ಥನೆಯೊಂದನ್ನು ಹನುಕ್ಕಾದ ಮೊದಲ ರಾತ್ರಿ ಮಾತ್ರ ಹೇಳುತ್ತಾರೆ. ಅಲ್ಲಿಗೆ ಬಂದಾಗ ಆ ಹಿರಿಯರ ಗಂಟಲು ಕಟ್ಟಿದರೆ ಗಾಬರಿಯಾಗಬೇಡಿ. ಬತ್ತಿ ಉರಿದು ಮುಗಿಯುವ ತನಕ ಪಕ್ಕದಲ್ಲಿರಿ.

— ಸಂಪಾದಕ