ಹಿತ್ತಲ ಡ್ರಮ್ಮಿನ ಹೊಗೆ

ಪ್ರಶ್ನೆ: ತೋಟದ ಮೂಲೆಯಲ್ಲಿ ಹಳೇ ಡ್ರಮ್ಮಿಟ್ಟು ಪ್ಲಾಸ್ಟಿಕ್ ಕಸ ಸುಡುತ್ತೇವೆ. ಕಸದ ದೊಡ್ಡ ಕುಲುಮೆಗಳಲ್ಲೂ ಸುಡುವುದೇ ತಾನೆ? ನಮ್ಮದು ಮಾತ್ರ ತಪ್ಪೇಕೆ?

ಉತ್ತರ: ನಾನೂ ಹತ್ತು ವರ್ಷ ಹಾಗೇ ಸುಟ್ಟವನು, ಉಪದೇಶ ಮಾಡುವ ಮುಖವಿಲ್ಲ. ಒಮ್ಮೆ ಪಿವಿಸಿ ಪೈಪಿನ ತುಂಡುಗಳನ್ನು ಹಾಕಿದೆ. ಮೂಗು ಉರಿಯಿತು, ಪಕ್ಕದ ಮಲ್ಲಿಗೆ ಬಳ್ಳಿಯ ಎಲೆ ಎರಡೇ ದಿನದಲ್ಲಿ ಕಂದಿತು. ಅದು ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲ ಅನಿಲದ ಘಾಟು. ಜೊತೆಗೇ ಹುಟ್ಟುವ ಡಯಾಕ್ಸಿನ್ ಎಂಬ ವಿಷ ಇನ್ನೂ ಕೆಟ್ಟದ್ದು, ಅದು ಮೂಗಿಗೂ ಸಿಗದು.

ವ್ಯತ್ಯಾಸ ಇರುವುದು ಬಿಸಿಯಲ್ಲಿ. ಯುರೋಪಿನ ನಿಯಮದಂತೆ ಕುಲುಮೆಯ ಹೊಗೆ ಕನಿಷ್ಠ 850 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಸೆಕೆಂಡಾದರೂ ಇರಬೇಕು. ನಮ್ಮ 2016ರ ಆಸ್ಪತ್ರೆ ಕಸದ ನಿಯಮ ಹೊಗೆಯನ್ನು ಮತ್ತೆ ಸುಡುವ ಎರಡನೇ ಕೋಣೆಗೆ 1050 ಡಿಗ್ರಿಯಷ್ಟು ಕೇಳುತ್ತದೆ. ಅಲ್ಲಿ ಡಯಾಕ್ಸಿನ್ ಒಡೆಯುತ್ತದೆ. ತಮಾಷೆಯೆಂದರೆ, ಹೊಗೆ ನಿಧಾನ ಆರಿದರೆ 450ರಿಂದ 200 ಡಿಗ್ರಿಯ ನಡುವೆ ಬೂದಿಯ ಕಣಗಳ ಮೇಲೆ ಅದು ಮತ್ತೆ ಹುಟ್ಟುತ್ತದೆ! ಅದಕ್ಕೇ ನೀರು ಚಿಮುಕಿಸಿ ಥಟ್ಟನೆ ತಣಿಸುತ್ತಾರೆ, ಸುಣ್ಣ ಊದಿ ಆಮ್ಲ ಹಿಡಿಯುತ್ತಾರೆ, ಉಳಿದದ್ದನ್ನು ಇದ್ದಿಲ ಪುಡಿಗೆ ಅಂಟಿಸಿ ಬಟ್ಟೆ ಚೀಲದಲ್ಲಿ ಸೋಸುತ್ತಾರೆ. ನಿಮ್ಮ ಡ್ರಮ್ಮಿಗೆ ಇದ್ಯಾವುದೂ ಇಲ್ಲ. ಒದ್ದೆ ಕಸ ಬಿದ್ದರಂತೂ ಬರೀ ಕಮರು.

ತರಗೆಲೆ ಗೊಬ್ಬರದ ಗುಂಡಿಗೆ. ಪೈಪು, ವೈರು ಗುಜರಿಯವನಿಗೆ. ನನ್ನ ಡ್ರಮ್ಮೂ ಅವನ ಗಾಡಿಯಲ್ಲೇ ಹೋಯಿತು.