ಆ ಹುಡುಗಿಯನ್ನು ದಯವಿಟ್ಟು ಸಾಯಿಸಬೇಡಿ

ಸಹಪಾಠಿಗಳ ಕಾಟಕ್ಕೆ ಸತ್ತ ಹುಡುಗಿ ದೆವ್ವವಾಗಿ ಬರುತ್ತಾಳೆ, 9-10 ವರ್ಷದ ಮಕ್ಕಳಿಗೆ ಹೇಳುವಾಗ ಅವಳ ಸೇಡು ಎಷ್ಟು ಭಯಂಕರ ಇರಬಹುದು ಅಂತ ಕೇಳಿದ್ದೀರಿ. ಹೆಚ್ಚುಕಮ್ಮಿ ಇದೇ ಕತೆಯನ್ನು ನಾನೂ ಬರೆದಿದ್ದೆ.

ನನ್ನ ಕತೆಯಲ್ಲಿ ಯಾರೂ ಅವಳಿಗೆ ಹೊಡೆಯುವುದಿಲ್ಲ. ಎಲ್ಲರೂ ಸೇರಿ ಠೂ ಬಿಟ್ಟಿರುತ್ತಾರೆ, ಅಷ್ಟೇ. ಅವಳು ಬಂದು ಕೂತರೆ ಬೆಂಚಿನಿಂದ ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಅವಳು ಮುಟ್ಟಿದ ರಬ್ಬರನ್ನು ಲಂಗಕ್ಕೆ ಒರೆಸಿ ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಆ ರಬ್ಬರಿನದು ನಾನು ಶಾಲೆಯಲ್ಲಿ ಕಣ್ಣಾರೆ ಕಂಡದ್ದು. ಒರೆಸಿದವಳು ನನ್ನ ಪಕ್ಕದವಳು. ನಾನು ನಕ್ಕಿದ್ದೆ.

ಕತೆಯ ನಡುವೆ ಹುಡುಗಿ ಸಾಯುತ್ತಾಳೆ. ಆಮೇಲೆ ಟೀಚರ್ ಅಳುತ್ತಾರೆ, ಕ್ಲಾಸೆಲ್ಲ ಅಳುತ್ತದೆ, ಮುಂದಾಳು ಹುಡುಗಿ ಖಾಲಿ ಬೆಂಚಿನ ಮುಂದೆ ನಿಂತು ಕ್ಷಮೆ ಕೇಳುತ್ತಾಳೆ. 20 ಮಕ್ಕಳ ಗುಂಪಿಗೆ ಓದಿದೆ. ಮುಗಿದಾಗ ಒಬ್ಬಳು ಹತ್ತಿರ ಬಂದು, "ಅಕ್ಕಾ, ಅವಳು ಸತ್ತ ಮೇಲೆ ಎಲ್ಲರೂ ಅತ್ರಲ್ವಾ?" ಅಂತ ಕೇಳಿದಳು. ಕತೆ ಮನಸ್ಸಿಗೆ ತಟ್ಟಿದೆ ಅಂದುಕೊಂಡು, "ಹೌದು ಪುಟ್ಟಿ, ತುಂಬಾ ಅತ್ರು" ಅಂದೆ. ನಾಲ್ಕು ದಿನ ಬಿಟ್ಟು ಅವಳಮ್ಮ ಫೋನ್ ಮಾಡಿದರು. ರಾತ್ರಿ ಮಲಗುವಾಗ ಮಗು, "ನಾನಿಲ್ಲ ಅಂದ್ರೆ ನನ್ನ ಕ್ಲಾಸಿನವರೂ ಅಳ್ತಾರಾ?" ಅಂತ ಕೇಳಿತ್ತಂತೆ. ತಿಂಗಳುಗಳಿಂದ ಅವಳ ಜತೆ ಕ್ಲಾಸಲ್ಲಿ ಯಾರೂ ಮಾತಾಡುತ್ತಿಲ್ಲ ಅನ್ನುವುದು ಮನೆಯವರಿಗೆ ಗೊತ್ತಾದದ್ದೇ ಆವತ್ತು. ಮಗು ಮತ್ತೆ ಕತೆ ಕೇಳಲು ಬರಲಿಲ್ಲ.

ಹೆದರಿಕೆ ಜಾಸ್ತಿಯಾಯಿತು ಅಂತ ಮೊದಲು ನಾನು ಕತ್ತಲೆಯ ದೃಶ್ಯಗಳನ್ನೆಲ್ಲ ಕಿತ್ತುಹಾಕಿದೆ. ತಪ್ಪು ಅಲ್ಲಿರಲಿಲ್ಲ. ಬದುಕಿದ್ದಾಗ ಆ ಹುಡುಗಿಗೆ ನಾನು ಏನೂ ಕೊಟ್ಟಿರಲಿಲ್ಲ. ಯಾರಾದರೂ ಹೆಸರು ಹಿಡಿದು ಕರೆಯಬೇಕು, ಪಕ್ಕದಲ್ಲಿ ಕೂರಬೇಕು, ತಪ್ಪಾಯಿತು ಅನ್ನಬೇಕು ಅಂತ ಅವಳು ಆಸೆಪಟ್ಟದ್ದೆಲ್ಲ ಸತ್ತ ಮೇಲೆ ಸಿಕ್ಕಿತು. ಸಾಯುವವರೆಗೆ ಮೂಲೆಯಲ್ಲಿದ್ದವಳು ಸತ್ತ ತಕ್ಷಣ ಇಡೀ ಶಾಲೆಯನ್ನೇ ನಡುಗಿಸಿದಳು. ಒಂಟಿಯಾದ ಮಗು ಅಲ್ಲಿ ದೆವ್ವವನ್ನು ನೋಡುವುದಿಲ್ಲ, ದಾರಿಯನ್ನು ನೋಡುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ಕಾಡಿಸುವವರಿಗೆ ಬುದ್ಧಿ ಬರಲಿ ಅಂತ ಬರೆದ ಕತೆಯನ್ನು ಕಾಟ ಅನುಭವಿಸುತ್ತಿರುವ ಮಗುವೂ ಕೂತು ಕೇಳುತ್ತಿರುತ್ತದೆ. ಶಾಲೆಗೆ ಹೋಗುವ ಮಕ್ಕಳಲ್ಲಿ ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಸಹಪಾಠಿಗಳ ಕಾಟ ಅನುಭವಿಸಿದವರು ಸುಮಾರು ಮೂವರಲ್ಲಿ ಒಬ್ಬರು ಅಂತ ಯುನೆಸ್ಕೋದ 2019ರ ವರದಿ ಹೇಳುತ್ತದೆ. ಆ ಲೆಕ್ಕದಲ್ಲಿ ನನ್ನೆದುರು ಆರು ಮಕ್ಕಳಾದರೂ ಇದ್ದಿರಬೇಕು.

ಹಾಗಾಗಿ ಸೇಡು ಎಷ್ಟಿರಬೇಕು ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಸೇಡಿನ ಕತೆಯಲ್ಲಿ ಒಬ್ಬಳು ಕೆಟ್ಟವಳು ಸಿಕ್ಕಿಬೀಳುತ್ತಾಳೆ, ನಕ್ಕವರು ಪಾರಾಗುತ್ತಾರೆ. 1996ರಲ್ಲಿ ಫಿನ್‌ಲೆಂಡಿನ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ: ಕಾಡಿಸುವುದು ಗುಂಪಿನ ಕೆಲಸ, ಅದರಲ್ಲಿ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಸುಮ್ನೆ ದೂರ ನಿಲ್ಲುವವರು ಎಲ್ಲರೂ ಇರುತ್ತಾರೆ.

ನಾನು ಮತ್ತೆ ಬರೆದಾಗ ಹುಡುಗಿಯನ್ನು ಉಳಿಸಿಕೊಂಡೆ. ದೆವ್ವ ಬೇರೆ ಯಾರೋ, ಆ ಶಾಲೆಯಲ್ಲಿ ಮೊದಲಿನಿಂದ ಇರುವಂಥದ್ದು. ಅದು ಯಾರನ್ನೂ ಮುಟ್ಟುವುದಿಲ್ಲ. ನಕ್ಕವರಿಗೆ ಅವರ ನಗುವನ್ನು ವಾಪಸ್ ಕೊಡುತ್ತದೆ. ದೀಪ ಆರಿಸಿದರೆ ಸಾಕು, ದಿಂಬಿನ ಅಡಿಯಿಂದ ತನ್ನದೇ ನಗು. ಮಕ್ಕಳು ಇದಕ್ಕೆ ಚೆನ್ನಾಗಿಯೇ ಹೆದರುತ್ತಾರೆ, ನಂಬಿ. ತಡೆಯಲಾಗದೆ ಒಬ್ಬಳು ಬೆಳಗ್ಗೆ ಬ್ಯಾಗ್ ಎತ್ತಿಕೊಂಡು ಆ ಬೆಂಚಿಗೆ ಹೋಗಿ ಕೂರುತ್ತಾಳೆ, ರಬ್ಬರ್ ಕೇಳುತ್ತಾಳೆ, ಅಳಿಸಿ, ಒರೆಸದೆ ವಾಪಸ್ ಕೊಡುತ್ತಾಳೆ. ಆ ರಾತ್ರಿ ಅವಳೊಬ್ಬಳಿಗೆ ನಗು ಕೇಳಿಸುವುದಿಲ್ಲ.

ಓದಿ ಮುಗಿಸಿದ ತಕ್ಷಣ ಎದ್ದು ಹೋಗಬೇಡಿ. ಯಾವುದಾದರೂ ಮಗು ಹತ್ತಿರ ಬಂದು ಏನಾದರೂ ಕೇಳಿದರೆ, ಉತ್ತರ ಕೊಡುವ ಮೊದಲು "ಇವತ್ತು ಕ್ಲಾಸಲ್ಲಿ ನಿನ್ನ ಪಕ್ಕ ಯಾರು ಕೂತಿದ್ರು?" ಅಂತ ನೀವೇ ಕೇಳಿ.